ಬಸಣ್ಣನ ಮೂಲಿ ಅಕ್ಷರ

ನಮ್ಮ ಮನೆಯ ಎದುರಿಗೆ, ಮೊದಲು ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ, ಹೋದ ತಿಂಗಳು ಒಂದು ಜಿಮ್ ಶುರುವಾಯಿತು. ಕರಿ ಹಲಗೆಯ ಮೇಲೆ ಕೆಂಪು ಅಕ್ಷರದ ಬೋರ್ಡು. ಅಕ್ಷರ ಕನ್ನಡದವೇ, ಆದರೆ ಒಂದಕ್ಕೂ ಗುಂಡಗಿನ ಹೊಟ್ಟೆಯಿಲ್ಲ. ಎಲ್ಲ ಬರೀ ಗೆರೆ, ಬರೀ ಮೂಲೆ. ವಾಕಿಂಗ್ ಹೋಗುವ ಹಿರಿಯರು ಅದರ ಮುಂದೆ ನಿಂತು, ಕತ್ತು ವಾರೆ ಮಾಡಿ ನೋಡಿ, ಸೋತು ಮುಂದೆ ಹೋಗುತ್ತಾರೆ. ಒಬ್ಬರು ಅದನ್ನು ಇಂಗ್ಲಿಷ್ ಅಂದರು. ಇನ್ನೊಬ್ಬರು ಚೀನಾದ್ದಿರಬೇಕು ಅಂದರು. ನಾನು ಮಾತ್ರ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದವಳು ಒಂದೇ ನೋಟಕ್ಕೆ ಅದನ್ನು ಓದಿ ಮುಗಿಸಿದೆ. ಆಮೇಲೆ ಅಲ್ಲೇ ನಿಂತೆ. ಚಹಾ ಆರಿಹೋಯಿತು.

ನನ್ನ ಕಣ್ಣು ಚುರುಕು ಎಂದು ತಿಳಿಯಬೇಡಿ. ಚಷ್ಮಾ ಹಾಕಿಕೊಂಡರೂ ಔಷಧದ ಬಾಟಲಿಯ ಮೇಲಿನದು ನನಗೆ ಕಾಣುವುದಿಲ್ಲ. ಆದರೆ ಇಂಥ ಅಕ್ಷರದ ಜೊತೆಗೇ ನಾನು ಬೆಳೆದದ್ದು. ಕಂಪ್ಯೂಟರ್ ಇನ್ನೂ ಬೈಲಹೊಂಗಲದ ಹಾದಿ ಹಿಡಿಯದ ಕಾಲದಲ್ಲಿ ನಮ್ಮ ಮನೆಯಲ್ಲಿ ಇವು ಹುಟ್ಟಿದ್ದವು. ಹುಟ್ಟಿಸಿದವನು ನನ್ನ ಅಣ್ಣ ಬಸವರಾಜ. ಊರಿಗೆಲ್ಲ ಬಸಣ್ಣ, ಬೋರ್ಡು ಬರೆಯುವ ಬಸಣ್ಣ.

ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡು ಅವನ ಅಂಗಡಿ. ಒಳಗೆ ಕಾಲಿಟ್ಟರೆ ಟರ್ಪಂಟೈನ್ ವಾಸನೆಗೆ ಮೂಗು ಉರಿಯುತ್ತಿತ್ತು. ಮೊದಲು ಅವನೂ ಎಲ್ಲರಂತೆ ಗುಂಡು ಅಕ್ಷರ ಬರೆಯುತ್ತಿದ್ದ. ಆಗೊಮ್ಮೆ ಅವನ ಗೆಳೆಯ ದಸ್ತಗೀರನ ಮಾವ ಮುಂಬೈಯಿಂದ ಒಂದು ಕೈಗಡಿಯಾರ ತಂದರು. ಮುಳ್ಳಿಲ್ಲದ, ಅಂಕಿಯೇ ಬದಲಾಗುವ ಗಡಿಯಾರ. ದಸ್ತಗೀರ ಸವದತ್ತಿಗೆ ಟೆಂಪೊ ಓಡಿಸುವವನು. ಅವನು ಗಡಿಯಾರದಲ್ಲಿ ವೇಳೆ ನೋಡಿದ, ನಮ್ಮಣ್ಣ ಅಂಕಿ ನೋಡಿದ. ಎಂಟೂ ಸೊನ್ನೆಯೂ ನೆಟ್ಟಗೆ, ಮೂಲೆಮೂಲೆಯಾಗಿ ನಿಂತಿದ್ದವಲ್ಲ, ಅದೇ ಅವನ ತಲೆ ಕೆಡಿಸಿತು. ಊಟಕ್ಕೆ ಕುಳಿತರೆ ತಾಟಿನ ಪಕ್ಕದ ನೆಲದ ಮೇಲೆ ಒದ್ದೆ ಬೆರಳಿನಿಂದ ಮೂಲೆಯ ‘ಅ’, ಮೂಲೆಯ ‘ಕ’ ತೀಡುತ್ತಿದ್ದ.

“ನೋಡ್ತಿರು, ಎರಡ ಸಾವಿರನೇ ಇಸ್ವಿ ಬರೂದ್ರಾಗ ಕನ್ನಡ ಎಲ್ಲಾ ಹಿಂಗ ಆಗತೈತಿ,” ಎಂದು ನನಗೆ ಹೇಳುತ್ತಿದ್ದ.

ನಾನಾಗ ಹೊಸದಾಗಿ ಸಾಲಿ ಮಾಸ್ತರಿಣಿ ಆಗಿದ್ದೆ. ಒಂದನೇ ಇಯತ್ತೆಯ ಮಕ್ಕಳಿಗೆ, ಅಕ್ಷರ ರೊಟ್ಟಿಯ ಹಾಗೆ ಗುಂಡಗಿರಬೇಕು ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವವಳು. “ಎಲ್ಲಾ ಹಿಂಗಾದ್ರ ನನ್ನ ನೌಕರಿ ಹೋಗತೈತಿ ಬಿಡು,” ಎಂದೆ. ಅವನು ನಕ್ಕ. ಅವನಿಗೆ ಇಪ್ಪತ್ತೊಂದನೇ ಶತಮಾನದ ಮೇಲೆ ಇದ್ದ ಭರವಸೆ ನಮ್ಮ ಮನೆಯಲ್ಲಿ ಮತ್ತಾರಿಗೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಆ ಅಕ್ಷರ ಓಡಿದ್ದೇ ಓಡಿದ್ದು. ವೆಲ್ಡಿಂಗ್ ಅಂಗಡಿ, ಬ್ಯಾಟರಿ ಅಂಗಡಿ, ಎಸ್‌ಟಿಡಿ ಬೂತು, ಬೋರ್‌ವೆಲ್ ಲಾರಿ, ಸವದತ್ತಿಯ ವಿಡಿಯೋ ಅಂಗಡಿ, ಕಿತ್ತೂರಿನ ಫೋಟೋ ಸ್ಟುಡಿಯೋ, ರಾಮದುರ್ಗದಲ್ಲಿ ಮೊಟ್ಟಮೊದಲು ತೆರೆದ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು. ಎಲ್ಲರಿಗೂ ‘ಬಸಣ್ಣನ ಮೂಲಿ ಅಕ್ಷರ’ವೇ ಬೇಕು. ಆದರೆ ಕೇಳಿದವರಿಗೆಲ್ಲ ಅವನು ಬರೆಯುತ್ತಿರಲಿಲ್ಲ. ಒಂದೋ ಎರಡೋ ಪದ ಇರಬೇಕು, ನೋಡುವವನು ದೂರ ಇರಬೇಕು, ಅಂಗಡಿಯಲ್ಲಿ ಕಬ್ಬಿಣವೋ ಕರೆಂಟೋ ಇರಬೇಕು. ಮಠಕ್ಕೆ, ಮದುವೆಗೆ, ಹೆರಿಗೆ ದವಾಖಾನೆಗೆ ಆಗುವುದಿಲ್ಲ. ಇವು ಅವನ ಕಾಯಿದೆ. ಸವದತ್ತಿಯ ಒಬ್ಬ ಮಿಠಾಯಿ ಅಂಗಡಿಯವರು ಹಠ ಮಾಡಿ ಬರೆಸಿಕೊಂಡರು. ಎಂಟು ದಿನಕ್ಕೆ ಮರಳಿ ಬಂದರು.

“ಬಸಣ್ಣಾ, ನಿನ್ನ ಬೋರ್ಡ ನೋಡಿದ್ರ ಫೇಡೆ ತಿನ್ನಾವನ ಬಾಯಿ ಕೊಯ್ತಾವಂತ. ತಗದು ಗುಂಡಗ ಬರಿಯಪಾ.”

“ನಾ ಮೊದಲ ಹೇಳಿದ್ದಿಲ್ಲೇನ್ರಿ ಸಾವಕಾರ್ರ,” ಎಂದು ಅಣ್ಣ ಕುಂಚ ತೊಳೆದುಕೊಂಡು ಹೊರಟ.

ಇಷ್ಟು ಹೊತ್ತು ಅವ್ವನ ಸುದ್ದಿ ತೆಗೆಯದೆ ಅಡ್ಡಾಡಿದೆ. ಹೇಳಬೇಕಾದದ್ದು ಅವಳದೇ. ಅಪ್ಪ ನಾವು ಸಣ್ಣವರಿದ್ದಾಗಲೇ ಹೋಗಿದ್ದ. ಅವ್ವ ಇಳಕಲ್ ಸೀರೆಗೆ, ಕುಪ್ಪಸಕ್ಕೆ ಕಸೂತಿ ಹಾಕಿ ನಮ್ಮನ್ನು ಬೆಳೆಸಿದವಳು. ಎಳೆ ಎಣಿಸಿ ಎಣಿಸಿ ಗೋಪುರ, ಆನೆ, ತೇರು, ತುಳಸಿಕಟ್ಟೆ ಎಬ್ಬಿಸುತ್ತಿದ್ದ ಅವಳಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವವಳು. ಆದರೂ ಬಸ್ಸಿಗೆ ಹೋದರೆ ಯಾರನ್ನೂ ಒಂದು ಮಾತು ಕೇಳುತ್ತಿರಲಿಲ್ಲ. ಅಷ್ಟು ಬಿಗುಮಾನ. ಬೋರ್ಡಿನ ಆಕಾರ ನೋಡಿಯೇ ಹತ್ತುತ್ತಿದ್ದಳು. “ಗಿಡ್ಡಂದು ಕಿತ್ತೂರ, ಉದ್ದಂದು ಬೈಲಹೊಂಗಲ, ಕಡೀಕ ಬಾಲ ಇರೂದು ಸವದತ್ತಿ. ಇದಕ್ಕ ಸಾಲಿ ಯಾಕ ಬೇಕು?” ಎನ್ನುತ್ತಿದ್ದಳು. ನಮ್ಮ ಕಡೆಯ ಆ ವಯಸ್ಸಿನ ಹೆಣ್ಣುಮಕ್ಕಳು ಬಹಳ ಜನ ಹೀಗೆಯೇ ಊರೂರು ತಿರುಗಿ ಸರಿಯಾಗಿ ಮನೆಗೆ ಬರುತ್ತಿದ್ದರು.

ಸವದತ್ತಿಯ ಆಚೆ ಹೂಲಿಯಲ್ಲಿ ಅವ್ವನ ಅಕ್ಕ ಇದ್ದಳು, ನಮಗೆ ನೀಲವ್ವ ದೊಡ್ಡವ್ವ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಒಂದು ಮುಂಜಾನೆ ಎಸ್‌ಟಿಡಿ ಬೂತಿನಿಂದ ಸುದ್ದಿ ಬಂತು, ದೊಡ್ಡವ್ವನಿಗೆ ಜಡ್ಡು ಭಾಳ ಆಗಿದೆ, ತಂಗಿಯನ್ನು ಕೇಳುತ್ತಿದ್ದಾಳೆ ಎಂದು. ನಾನು ಸಾಲಿಯಲ್ಲಿದ್ದೆ. ಅಣ್ಣ ಕಿತ್ತೂರಿಗೆ ಬೋರ್ಡು ಕಟ್ಟಲು ಹೋಗಿದ್ದ. ಅವ್ವ ನಮಗಾಗಿ ಕಾಯಲಿಲ್ಲ. ನಾಲ್ಕು ರೊಟ್ಟಿ ಕಟ್ಟಿಕೊಂಡು ಟೆಂಪೊ ನಿಲ್ಲುವಲ್ಲಿಗೆ ನಡೆದಳು.

ಅಲ್ಲಿ ಒಂದೇ ಬಣ್ಣದ ಎರಡು ಟೆಂಪೊ ಹಿಂದೆಮುಂದೆ ನಿಂತಿದ್ದವು. ಒಂದು ದಸ್ತಗೀರನದು, ಸವದತ್ತಿಗೆ; ಅವನು ಚಹಾ ಕುಡಿಯಲು ಹೋಗಿದ್ದ. ಇನ್ನೊಂದು ರಾಮದುರ್ಗ ದಾಟಿ ಸುರೇಬಾನಕ್ಕೆ ಹೋಗುವಂಥದ್ದು. ಎರಡರ ಹಣೆಯ ಮೇಲೂ ಹಿಂದಿನ ವಾರವಷ್ಟೇ ಅಣ್ಣ ಹಳದಿ ಬಣ್ಣದಲ್ಲಿ ಮೂಲಿ ಅಕ್ಷರ ಬರೆದಿದ್ದ. ಗುಂಡಗೆ ಬರೆದಿದ್ದರೆ ಅವ್ವನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಈಗ ಬಾಲ ಯಾವುದು, ಹೊಟ್ಟೆ ಯಾವುದು ತಿಳಿಯಲಿಲ್ಲ. ಎರಡೂ ಒಂದೇ ಬೇಲಿಯ ಹಾಗೆ ಕಂಡವು. ಯಾರನ್ನಾದರೂ ಕೇಳಬಹುದಿತ್ತು. ಸ್ವಂತ ಮಗ ಬರೆದ ಬೋರ್ಡನ್ನು ಮಂದಿಯ ಬಾಯಿಂದ ಓದಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಮುಂದಿನದರ ಕ್ಲೀನರು “ಮುರಗೋಡ, ಮುರಗೋಡ” ಎಂದು ಕೂಗುತ್ತಿದ್ದ. ಸವದತ್ತಿಯ ಟೆಂಪೊ ಕೂಡ ಮುರಗೋಡದ ಮೇಲೆಯೇ ಹೋಗುತ್ತಿತ್ತು. ಮುಂದಿನದನ್ನು ಹತ್ತಿ ಕುಳಿತಳು.

ಮುಂದಿನದು ಸುರೇಬಾನದ್ದು.

ಅಳು ನುಂಗಿಕೊಂಡು ಸೆರಗು ಮುಖಕ್ಕೆ ಎಳೆದುಕೊಂಡು ಕುಳಿತವಳಿಗೆ ದಾರಿ ಕವಲೊಡೆದದ್ದು ತಿಳಿಯಲಿಲ್ಲ. ತಲೆಯೆತ್ತಿ ನೋಡಿದಾಗ ರಾಮದುರ್ಗದ ಪೇಟೆ ಬಂದಿತ್ತು. ಅಲ್ಲಿ ಇಳಿದು, ಮರುದಾರಿಯ ಬಸ್ಸಿಗೆ ಕಾದು, ಸವದತ್ತಿಗೆ ಬಂದು, ಅಲ್ಲಿಂದ ಹೂಲಿ ಮುಟ್ಟುವ ಹೊತ್ತಿಗೆ ದನ ಮನೆಗೆ ಬರುತ್ತಿದ್ದವು. ದೊಡ್ಡವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಮಧ್ಯಾಹ್ನದವರೆಗೂ ಬಾಗಿಲ ಕಡೆ ನೋಡಿದ್ದಳಂತೆ. “ತಂಗಿ ಬಂದ್ಲೇನು? ಆಕಿಗೆ ಒಂದ ಮಾತ ಹೇಳೂದೈತಿ,” ಎಂದಿದ್ದಳಂತೆ. ಏನು ಮಾತು ಎಂದು ಸೊಸೆ ಕೇಳಿದರೆ, “ಆಕಿಗೆ ಹೇಳತೇನಿ,” ಎಂದಷ್ಟೇ ಅಂದಳಂತೆ. ಆ ಮಾತು ಏನಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ಅವ್ವ ಬದುಕಿರುವವರೆಗೂ ಆಗಾಗ ಕಸೂತಿಯ ಸೂಜಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಆಗ ಅವಳು ಏನು ಯೋಚಿಸುತ್ತಿದ್ದಾಳೆಂದು ನಾವು ಕೇಳುತ್ತಿರಲಿಲ್ಲ.

ಸುದ್ದಿ ತಿಳಿದು ನಾನೂ ಅಣ್ಣನೂ ಹೂಲಿಗೆ ಹೋಗಿ, ಮಣ್ಣು ಮುಗಿಸಿ, ಮೂರನೆಯ ದಿನ ಅವ್ವನನ್ನು ಕರೆದುಕೊಂಡು ಊರಿಗೆ ಬಂದೆವು. ಅಣ್ಣನಿಗೆ ಆಗಲೇ ಎಲ್ಲ ತಿಳಿದಿತ್ತು. ಮನೆಗೆ ಬಂದವನೇ ಒಂದು ಅರಿವೆ, ಟರ್ಪಂಟೈನ್ ಡಬ್ಬಿ ತೆಗೆದುಕೊಂಡು ಹೊರಟ. 

“ಎಲ್ಲಿಗೆ ಹೊಂಟಿ?” ಎಂದಳು ಅವ್ವ.

“ಅಳಸಿ ಬರ್ತೇನಿ. ಎಲ್ಲಾ ಅಳಸ್ತೇನಿ.”

“ಅಳಸೂದು ಬ್ಯಾಡ. ಕುಂಡ್ರು,” ಎಂದಳು. “ನಂಗ ಕಲಸು.”

ಅಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಅರ್ಧವಷ್ಟೇ ಆಯಿತು. ನಾನು ಮಾಸ್ತರಿಣಿಯ ಗತ್ತಿನಿಂದ, “ನಾ ಕಲಸ್ತೇನಿ ಬಾ ಅವ್ವಾ, ಪಾಟಿ ತರ್ತೇನಿ,” ಎಂದೆ. ಹಿಂದೆ ಒಂದೆರಡು ಸಲ ನಾನು ಕಲಿಸಲು ಹೋಗಿ ಸೋತದ್ದುಂಟು. ‘ಅ’ ದಾಟಿ ‘ಆ’ಗೆ ಬರುವಷ್ಟರಲ್ಲಿ ಅವಳಿಗೆ ಒಲೆಯ ಮೇಲಿನ ಅನ್ನ ನೆನಪಾಗುತ್ತಿತ್ತು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳ ಮನೆಯಲ್ಲಿ ಹೆಬ್ಬೆಟ್ಟು.

ಅವ್ವ ತಲೆಯಾಡಿಸಿದಳು. “ನಿನ್ನವು ಬ್ಯಾಡವಾ. ಬೆಲ್ಲದ ನೀರಿನ್ಹಾಂಗ ಜಾರತಾವ. ಇವನವು ಕಲೀತೇನಿ. ನನ್ನ ದಾರಿ ತಪ್ಪಿಸಿದ್ದು ಅವ ಅಲ್ಲೇನು.”

ಹೀಗೆ ನಮ್ಮ ಅವ್ವ ತನ್ನ ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಮಗನ ಎದುರು ಕುಳಿತು, ಲೋಕದಲ್ಲಿ ಬೇರೆ ಯಾವ ಸಾಲಿಯಲ್ಲೂ ಕಲಿಸದ ಅಕ್ಷರಗಳನ್ನು ಕಲಿತಳು. ಮೊದಲ ಕೆಲವು ದಿನ ಇಬ್ಬರೂ ಒದ್ದಾಡಿದರು. ಒಂದು ಮಧ್ಯಾಹ್ನ ಅವಳು ಹಲಗೆಯ ಮೇಲಿನ ‘ಸ’ವನ್ನು ನೋಡುತ್ತ ನೋಡುತ್ತ ಬೆರಳಿನಿಂದ ಎಣಿಸತೊಡಗಿದಳು. ಮೇಲಕ್ಕೆ ಎರಡು, ಅಡ್ಡ ಮೂರು, ಕೆಳಗೆ ಎರಡು. ಎಣಿಸಿ ಮುಗಿಸಿ, “ಲೇ, ಇದು ಕಸೂತಿ,” ಎಂದಳು. ಅಣ್ಣ ಬಾಯಿ ತೆರೆದು ಕುಳಿತ. ಮುಂಬೈ ಗಡಿಯಾರದಿಂದ ಕದ್ದೆ ಎಂದುಕೊಂಡಿದ್ದ ಮೂಲೆಗಳು ಅವ್ವನ ಕುಪ್ಪಸದ ಮೇಲೆ ಮೊದಲಿನಿಂದಲೂ ಇದ್ದವು. ಆಮೇಲೆ ಕಲಿಕೆ ಸಲೀಸಾಯಿತು. ಒತ್ತಕ್ಷರಗಳನ್ನು ಕೂಡ ಅವಳು ಸೀರೆಯ ಅಂಚಿನ ಲೆಕ್ಕದಲ್ಲಿ ಹಿಡಿದಳು.

ಅವಳು ಓದಲು ಕಲಿತ ಮೇಲೆ ಅವಳ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ನಾಚಿಕೆ. ಕಿಟಕಿಗೆ ಕುಳಿತು, ಹಾದುಹೋಗುವ ಪ್ರತಿ ಬೋರ್ಡನ್ನೂ ಇಡೀ ಬಸ್ಸಿಗೆ ಕೇಳುವಂತೆ ಓದುತ್ತಿದ್ದಳು. “ಬ್ಯಾ-ಟ-ರಿ. ವೆ-ಲ್ಡಿಂ-ಗ್. ಸ್ಟು-ಡಿ-ಯೋ.” ನಡುವೆ ಗುಂಡು ಅಕ್ಷರದ ಬೋರ್ಡು ಬಂದರೆ ಮುಖ ತಿರುಗಿಸಿ, “ಅದನ್ನ ಯಾರೋ ಹೊಲಸ ಬರದಾರ,” ಎನ್ನುತ್ತಿದ್ದಳು. ಪೇಪರು ಅವಳಿಗೆ ಓದಲು ಬಾರದು, ಲಗ್ನಪತ್ರಿಕೆ ಬಾರದು, ದೇವರ ಪಟದ ಕೆಳಗಿನ ಹೆಸರು ಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪೇಟೆಗಳಲ್ಲಿ ಮಗ ಬರೆದದ್ದೆಲ್ಲ ಬರುತ್ತಿತ್ತು. ದಸ್ತಗೀರನ ಟೆಂಪೊ ಹತ್ತುವ ಮುಂಚೆ, ಅವನನ್ನು ಬಾಲ್ಯದಿಂದ ಬಲ್ಲವಳಾದರೂ, ಎದುರು ನಿಂತು ಬೆರಳಿಟ್ಟು ‘ಸವದತ್ತಿ’ ಎಂದು ಓದಿಯೇ ಹತ್ತುತ್ತಿದ್ದಳು. ದಸ್ತಗೀರ ಗಾಡಿ ಬಂದ್ ಮಾಡಿ ಕಾಯುತ್ತಿದ್ದ. “ಪರೀಕ್ಷಾ ಪಾಸ್ ಆತೇನಬೇ? ಹತ್ತು ಇನ್ನ,” ಎನ್ನುತ್ತಿದ್ದ. ಅಣ್ಣ ಆ ಕಾಲದಲ್ಲಿ ಬರೆದಷ್ಟು ಚಂದ ಮತ್ತೆಂದೂ ಬರೆಯಲಿಲ್ಲ. ಗಿರಾಕಿಗಿಂತ ದೊಡ್ಡ ಓದುಗಾರ್ತಿ ಮನೆಯಲ್ಲೇ ಇದ್ದಳು.

ಎರಡು ಸಾವಿರನೇ ಇಸವಿ ಬಂತು. ಅಣ್ಣ ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಮೊದಲು ಬೆಳಗಾವಿ, ಹುಬ್ಬಳ್ಳಿಗಳಿಂದ, ಆಮೇಲೆ ನಮ್ಮೂರಲ್ಲೇ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ತಯಾರು. ಅದರಲ್ಲಿ ಅಂಗಡಿಯ ಹೆಸರು, ಮಾಲಕನ ಫೋಟೋ, ಹಣ್ಣು, ಗುಲಾಬಿ, ಎಲ್ಲ ಇರುತ್ತಿತ್ತು. ಅಕ್ಷರ ಮಾತ್ರ ಹಳೆಯ ಗುಂಡುಗಳೇ, ಮೈ ಊದಿಸಿಕೊಂಡು, ನೆರಳು ಹಚ್ಚಿಕೊಂಡು ಬಂದಿದ್ದವು. ಬ್ಯಾಟರಿ ಅಂಗಡಿಯ ಬೋರ್ಡು ಇಳಿಯಿತು. ವಿಡಿಯೋ ಅಂಗಡಿ ಮುಚ್ಚಿತು. ಎಸ್‌ಟಿಡಿ ಬೂತುಗಳು ಒಂದರ ಹಿಂದೊಂದು ಹೋದವು. ಅಣ್ಣ ನಂಬರ್ ಪ್ಲೇಟು, ನೀರಿನ ಟಾಕಿ, ಮನೆಯ ಗೇಟು ಬಣ್ಣ ಬಳಿಯುವುದಕ್ಕೆ ಇಳಿದ. ಅದರ ಬಗ್ಗೆ ಅವನು ಯಾರ ಮುಂದೂ ಗೊಣಗಲಿಲ್ಲ.

ನನಗೆ ಹೊಳೆಯದೇ ಇದ್ದದ್ದು ಅವ್ವನ ಸಂಗತಿ. ಒಂದು ದಿನ ಸವದತ್ತಿಯ ಸಂತೆಗೆ ಹೋಗಿ ಬಂದವಳು ಚೀಲ ಇಟ್ಟು, ಕಟ್ಟೆಯ ಮೇಲೆ ಕುಳಿತು, “ಊರಾಗಿನ ಅಕ್ಷರ ಎಲ್ಲಾ ಖಾಲಿ ಆಗಾಕ ಹತ್ತ್ಯಾವ,” ಎಂದಳು. ಅಂದು ಅವಳಿಗೆ ದಾರಿಯುದ್ದಕ್ಕೂ ಓದಲು ಸಿಕ್ಕದ್ದು ಒಂದು ವೆಲ್ಡಿಂಗ್ ಅಂಗಡಿ ಮಾತ್ರ. ಅಣ್ಣ ತಲೆ ಕೆಳಗೆ ಹಾಕಿ ಊಟ ಮಾಡುತ್ತಿದ್ದವನು ಎದ್ದು ಕೈ ತೊಳೆದುಕೊಂಡ. ನಾನು ಮತ್ತೆ ನನ್ನ ಪಾಟಿ ಮುಂದೆ ತಂದೆ.

“ಒಮ್ಮೆ ಕಲತೇನಿ. ಇನ್ನೊಮ್ಮೆ ಸಾಲಿಗೆ ಹೋಗಾಕ ಆಗಾಂಗಿಲ್ಲವಾ,” ಎಂದಳು.

ದಸ್ತಗೀರನ ಟೆಂಪೊ ಒಂದು ಉಳಿದಿತ್ತು. ಅದೂ ಹಳೆಯದಾಗಿ ಗುಜರಿಗೆ ಹೋಯಿತು. ಹೊಸ ಗಾಡಿಗೆ ಅಂಟಿಸುವ ಅಕ್ಷರ ಬಂದವು. ಅವ್ವ ಮೊದಲಿನ ಹಾಗೆ ಒಬ್ಬಳೇ ಹೊರಡುವುದನ್ನು ಬಿಟ್ಟಳು. ಗುಂಡು ಅಕ್ಷರದ ಗುರುತನ್ನೂ ಅವಳು ಅಷ್ಟರಲ್ಲಿ ಮರೆತುಬಿಟ್ಟಿದ್ದಳು, ಬಾಲ, ಹೊಟ್ಟೆ ಯಾವುದೂ ನೆನಪಿರಲಿಲ್ಲ. ಓದು ಬಾರದ ಕಾಲದಲ್ಲಿ ಊರೂರು ತಿರುಗಿದವಳು ಓದು ಕಲಿತದ್ದರಿಂದಲೇ ಹೊಸ್ತಿಲಿಗೆ ಬಂದು ನಿಂತಳು. 

ಅಣ್ಣನ ಎದೆ ಮೊದಲೇ ಸೂಕ್ಷ್ಮ. ಬಣ್ಣದ ಗಾಳಿ ಕುಡಿದು ಕುಡಿದು ಇನ್ನಷ್ಟು ಕೆಟ್ಟಿತ್ತು. ಒಂದು ಚಳಿಗಾಲದಲ್ಲಿ ಕೆಮ್ಮು ಹಿಡಿದದ್ದು ಬಿಡಲಿಲ್ಲ. ಬಿಳಿಜೋಳ ಕೊಯ್ಲಿಗೆ ಬಂದ ದಿನಗಳಲ್ಲಿ ಹೋಗಿಬಿಟ್ಟ. ಐವತ್ತು ಕೂಡ ತುಂಬಿರಲಿಲ್ಲ.

ಅವ್ವ ಅಳಲಿಲ್ಲ. ಮಣ್ಣಿಗೆ ಒಯ್ಯುವಾಗಲೂ ಅಳಲಿಲ್ಲ. ಬಂದವರಿಗೆ ಕುಂಡ್ರಿ ಅಂದಳು, ಚಹಾ ಕೊಟ್ಟೀರೇನು ಎಂದು ವಿಚಾರಿಸಿದಳು. ಹೆಣ್ಣುಮಕ್ಕಳು ನನ್ನನ್ನು ಬದಿಗೆ ಕರೆದು, “ಆಕಿನ್ನ ಹೆಂಗರ ಮಾಡಿ ಅಳಸರಿ ಟೀಚರ್ರ, ಇಲ್ಲಂದ್ರ ಎದಿ ಒಡೀತೈತಿ,” ಎಂದು ಹೇಳಿ ಹೋದರು. ಅಳಿಸುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಕೆಲವು ದಿನದ ಮೇಲೆ ಅವಳನ್ನು ದವಾಖಾನೆಗೆ ಕರೆದುಕೊಂಡು ಹೊರಟೆ. ಟೆಂಪೊ ನಿಲ್ಲುವ ಜಾಗದಲ್ಲಿ ಡ್ರೈವರುಗಳೆಲ್ಲ ಕೂಡಿ ಅಣ್ಣನ ಫ್ಲೆಕ್ಸ್ ಕಟ್ಟಿಸಿದ್ದರು. ದೊಡ್ಡ ಫೋಟೋ, ಸುತ್ತ ಹೂವಿನ ಹಾರ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಅವನ ಹೆಸರು, ಊದಿಕೊಂಡ ಗುಂಡು ಅಕ್ಷರಗಳಲ್ಲಿ. ದಸ್ತಗೀರ ಅಲ್ಲೇ ಗಾಡಿಗೆ ಒರಗಿ ನಿಂತಿದ್ದ. ನಮ್ಮನ್ನು ನೋಡಿ ಹತ್ತಿರ ಬಂದ.

“ಬರಿಯಾವನ ಹ್ವಾದ ಮ್ಯಾಲ ಯಾರ ಕಡಿಂದ ಬರಸೂದ್ರಿ ಟೀಚರ್,” ಎಂದು ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ.

ಅವ್ವ ಫ್ಲೆಕ್ಸಿನ ಎದುರು ಬಹಳ ಹೊತ್ತು ನಿಂತಳು. ಬೆರಳೆತ್ತಿ ಮೊದಲ ಅಕ್ಷರದ ಮೇಲೆ ಇಟ್ಟಳು. ಬೆರಳು ಅದರ ಸುತ್ತ ತಿರುಗಿತು, ಹಿಡಿಯಲು ಏನೂ ಸಿಗಲಿಲ್ಲ.

“ಏನ ಬರದಾರವಾ ಇಲ್ಲೆ?” ಎಂದು ನನ್ನನ್ನು ಕೇಳಿದಳು.

“ಅಣ್ಣನ ಹೆಸರ ಅವ್ವಾ.”

“ಅವನ ಹೆಸರು ಹಿಂಗ ಇರಾಂಗಿಲ್ಲ,” ಎಂದಳು. “ಮಾರಿ ಅವಂದು. ಹೆಸರು ಬ್ಯಾರೆ ಯಾರದೋ ಐತಿ.”

ನನ್ನ ಚೀಲದಲ್ಲಿ ಯಾವಾಗಲೂ ಖಡು, ಸೀಮೆಸುಣ್ಣದ ತುಂಡು, ಇರುತ್ತಿತ್ತು. ಮಾಸ್ತರಿಕೆಯ ರೋಗ. ಫ್ಲೆಕ್ಸಿನ ಕೆಳಗೆ ಒಂದು ಕಲ್ಲುಕಟ್ಟೆ ಇತ್ತು. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ನಾನು ಬರೆದೆ. ಜೀವಮಾನವಿಡೀ ಗುಂಡಗೆ ತಿದ್ದಿದ ಕೈ, ಮೂಲೆ ಬಂದಲ್ಲೆಲ್ಲ ಬಾಗುತ್ತಿತ್ತು. ಉಜ್ಜಿ ಉಜ್ಜಿ ಬರೆದೆ. ಅವ್ವ ನನ್ನ ಪಕ್ಕ ಕುಳಿತು, ಬೆರಳಿಟ್ಟು ಓದಿದಳು. “ಬ. ಸ. ವ. ರಾ.” ಕೊನೆಯ ಅಕ್ಷರಕ್ಕೆ ಬಂದಾಗ ಬೆರಳು ನಿಂತಿತು. “ಇದರ ಮೂಲಿ ಸರಿ ಬಂದಿಲ್ಲ. ಅವ ಇದ್ದಿದ್ರ ನೆಟ್ಟಗ ಹೊಡೀತಿದ್ದ,” ಎಂದಳು. ಅಷ್ಟು ಹೇಳಿದ್ದೇ, ಆ ಅಕ್ಷರದ ಮೇಲೆ ಅಂಗೈ ಊರಿಕೊಂಡು ಅಳತೊಡಗಿದಳು. ನಡು ಪೇಟೆಯಲ್ಲಿ, ಎಲ್ಲರೂ ನೋಡುತ್ತಿರುವಂತೆ, ದನಿ ಎತ್ತಿ ಹಾಡಿಕೊಂಡು ಅತ್ತಳು. ದಸ್ತಗೀರ ಟೆಂಪೊದವರನ್ನೆಲ್ಲ ಹಾರ್ನ್ ಹೊಡೆಯಬೇಡಿ ಎಂದು ಕೈಯಾಡಿಸಿ ನಿಲ್ಲಿಸಿದ. ಅಂದು ನಾವು ದವಾಖಾನೆಗೆ ಹೋಗಲಿಲ್ಲ.

ಆಮೇಲೆ ಅವ್ವ ಕೆಲವು ವರ್ಷ ಇದ್ದಳು. ಬೇಕೆಂದಾಗ ನಾನು ಪಾಟಿಯ ಮೇಲೆ ಒಂದೆರಡು ಪದ ಮೂಲಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಓದಿ, ತಪ್ಪು ತೋರಿಸಿ, ಮರಳಿ ಕೊಡುತ್ತಿದ್ದಳು. ಪಾಟಿ ಕಡೆಗೂ ಅವಳ ಕೈಗೆ ಹೋಯಿತು, ಮಾಸ್ತರಿಕೆಯೂ ಅವಳದೇ ಆಯಿತು. ಅವಳು ಹೋದ ಮೇಲೆ ನಾನು ಆ ಅಕ್ಷರ ಬರೆದಿಲ್ಲ. ಯಾರಿಗೆಂದು ಬರೆಯಲಿ?

ಮೊನ್ನೆ ಜಿಮ್ಮಿನ ಮಾಲಕ ತಾನಾಗಿಯೇ ರಸ್ತೆ ದಾಟಿ ಬಂದ. ಓಣಿಯವರ ಟೀಕೆ ಕೇಳಿ ಕೇಳಿ ಬೇಸತ್ತಿದ್ದನೆಂದು ತೋರುತ್ತದೆ. ಕಂಪ್ಯೂಟರಿನಲ್ಲಿ ಈ ಅಕ್ಷರ ಆರಿಸುವಾಗ ಬಹಳ ಮಾಡರ್ನ್ ಅನ್ನಿಸಿತ್ತಂತೆ. “ಟೀಚರ್ರ, ಖರೆ ಹೇಳ್ರಿ. ನಮ್ಮ ಬೋರ್ಡ ಯಾರಿಗೂ ಓದಾಕ ಬರಾಂಗಿಲ್ಲೇನ್ರಿ? ತಗಸಿ ಬ್ಯಾರೆ ಹಾಕಸಲೇನು?” ಎಂದು ಕೇಳಿದ.

“ಇರಲಿ ಬಿಡಪಾ,” ಎಂದೆ. “ನಮ್ಮ ಅವ್ವ ಇದ್ದಿದ್ರ, ಈ ಓಣ್ಯಾಗ ಅದೊಂದ ಬೋರ್ಡ ಓದತಿದ್ಲು.”